ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ: ಸ್ತನ ಕ್ಯಾನ್ಸರ್ ಭಯವನ್ನು ಲೆಕ್ಕ ಹಾಕಿ ನೋಡುವುದು ಹೇಗೆ?

ಈ ಪ್ರಶ್ನೆ ಸಾಗರದಿಂದ ಬರುತ್ತದೆ, ತೀರ್ಥಹಳ್ಳಿಯಿಂದ ಬರುತ್ತದೆ, ಶಿವಮೊಗ್ಗ ಪೇಟೆಯ ಒಳಗಿನಿಂದಲೂ ಬರುತ್ತದೆ. "ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಅದನ್ನ ತಗೊಂಡ್ರೆ ಸ್ತನ ಕ್ಯಾನ್ಸರ್ ಬರುತ್ತಂತೆ, ಹೌದಾ?" ಕೇಳುವವರು ವಾಸಿ. ಎಷ್ಟೋ ಜನ ಚೀಟಿಯನ್ನು ಬೀರುವಿನಲ್ಲಿ ಇಟ್ಟು, ಮಾತ್ರೆ ತೆಗೆದುಕೊಳ್ಳದೆ, ಡಾಕ್ಟರಿಗೂ ಹೇಳದೆ, ರಾತ್ರಿ ಮೂರು ಸಲ ಬೆವರಿ ಎದ್ದು ಕೂತು, ಬೆಳಿಗ್ಗೆ ಮತ್ತೆ ಕೆಲಸಕ್ಕೆ ನಿಲ್ಲುತ್ತಾರೆ. ಇನ್ನು ಕೆಲವರು ಪರಿಚಯದವರು ತಗೊಂಡ ಮಾತ್ರೆಯ ಹೆಸರನ್ನೇ ಹೇಳಿ ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುತ್ತಾರೆ. ಎರಡೂ ತಪ್ಪು ದಾರಿ.

"ಬರುತ್ತಾ, ಬರಲ್ವಾ" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಹಾರ್ಮೋನ್, ಯಾವ ವಯಸ್ಸಿನಲ್ಲಿ, ಎಷ್ಟು ವರ್ಷ, ಗರ್ಭಕೋಶ ಇದೆಯೋ ಇಲ್ಲವೋ ಎಂದು ಕೇಳಿದರೆ ಸಿಗುತ್ತದೆ. ಆ ಲೆಕ್ಕ ಹಾಕುವುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಇದನ್ನು ಓದಿಕೊಂಡು ನೀವೇ ಮಾತ್ರೆ ಶುರು ಮಾಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ಡಾಕ್ಟರ ಮುಂದೆ ಕೂತಾಗ ಸರಿಯಾದ ಮಾತು ಆಡಲು ಇದು ಸಿದ್ಧತೆ.

ಮೊದಲು ನಾಲ್ಕು ಪದ ಗೊತ್ತಿರಲಿ. ಈಸ್ಟ್ರೋಜನ್ ಎನ್ನುವುದು ಅಂಡಾಶಯ ತಯಾರಿಸುವ ಹಾರ್ಮೋನ್. ಮುಟ್ಟು ನಿಲ್ಲುವ ಕಾಲಕ್ಕೆ ಅದು ತೀರಾ ಕಡಿಮೆಯಾಗುತ್ತದೆ, ಆಗಲೇ ಮೈ ಕಾವೇರುವುದು, ಬೆವರುವುದು, ನಿದ್ದೆ ಕೆಡುವುದು ಶುರು. ಆ ಕೊರತೆಯನ್ನು ಹೊರಗಿನಿಂದ ತುಂಬುವ ಚಿಕಿತ್ಸೆಗೆ ಎಚ್‌ಆರ್‌ಟಿ ಎನ್ನುತ್ತಾರೆ, ಈಚೆಗೆ ಎಂಎಚ್‌ಟಿ ಅಂತಲೂ ಬರೆಯುತ್ತಾರೆ. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಅಲ್ಲೇ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಸೇರಿಸುವ ಎರಡನೇ ಹಾರ್ಮೋನ್ ಪ್ರೊಜೆಸ್ಟೋಜನ್. ಇನ್ನು ಮೆನೋಪಾಸ್ ಎಂದರೆ ಮುಟ್ಟು ನಿಂತು ಪೂರ್ತಿ 12 ತಿಂಗಳಾಗಿರುವುದು. ಭಾರತದಲ್ಲಿ ಇದರ ಸರಾಸರಿ ವಯಸ್ಸು 46-47ರ ಹತ್ತಿರ, ಪಶ್ಚಿಮದ ದೇಶಗಳಲ್ಲಿ 51ರ ಹತ್ತಿರ.

ಹಬ್ಬಕ್ಕೆ, ಮದುವೆಗೆ, ಪೂಜೆಗೆ ಮುಟ್ಟು ಮುಂದೂಡಲು ತೆಗೆದುಕೊಳ್ಳುವ ಮಾತ್ರೆ ಇದಲ್ಲ. ಇದು ಗರ್ಭನಿರೋಧಕವೂ ಅಲ್ಲ. ಎಲ್ಲವನ್ನೂ "ಹಾರ್ಮೋನ್ ಮಾತ್ರೆ" ಎಂದೇ ಕರೆಯುವುದರಿಂದ ಗೊಂದಲ ಜಾಸ್ತಿಯಾಗಿದೆ.

ಜೊತೆಗೆ ಇಟ್ಟುಕೊಳ್ಳಬೇಕಾದ್ದು: ಒಂದು ನೋಟ್‌ಬುಕ್, ಹಳೆಯ ಆಪರೇಷನ್ ಆಗಿದ್ದರೆ ಅದರ ಡಿಸ್ಚಾರ್ಜ್ ಸಮ್ಮರಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ (ಆಯುರ್ವೇದ, ನಾಟಿ ಔಷಧಿಯೂ ಸೇರಿ), ಬಿಪಿ ಮತ್ತು ತೂಕ, ಹಿಂದೆ ಮ್ಯಾಮೊಗ್ರಾಂ ಮಾಡಿಸಿದ್ದರೆ ಅದರ ಫಿಲಂ.

1. ತೊಂದರೆ ಎಷ್ಟಿದೆ ಎಂದು ಬರೆಯಿರಿ

ಒಂದೆರಡು ವಾರ ಪ್ರತಿದಿನ ಬರೆದಿಡಿ. ಮೈ ಕಾವೇರಿದ್ದು ಎಷ್ಟು ಸಲ, ರಾತ್ರಿ ಎದ್ದಿದ್ದು ಎಷ್ಟು ಸಲ, ಮೂತ್ರದ ಉರಿ ಇದೆಯಾ, ಗಂಡ ಹೆಂಡತಿ ಸೇರುವಾಗ ನೋವಿದೆಯಾ, ಸಿಟ್ಟು, ಅಳು, ಮರೆವು ಹೇಗಿದೆ. ಕೆಲಸಕ್ಕೆ ಎಷ್ಟು ತೊಡಕಾಗುತ್ತಿದೆ ಎನ್ನುವುದು ಎಲ್ಲಕ್ಕಿಂತ ಮುಖ್ಯ. ಹಂಡೆ ಒಲೆ ಮುಂದೆ ಕೂತಾಗ ಬೆವರುವುದು ಬೇರೆ, ಜುಲೈ ತಿಂಗಳ ಮಳೆಯಲ್ಲಿ, ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿರುವಾಗ ನೀವು ಕಿಟಕಿ ತೆಗೆದು ನಿಲ್ಲುವುದು ಬೇರೆ. ಎರಡನೆಯದನ್ನು ಡಾಕ್ಟರಿಗೆ ಹಾಗೇ ಹೇಳಿ.

ಇದನ್ನು ಯಾಕೆ ಮೊದಲು ಹೇಳುತ್ತೇನೆ ಅಂದರೆ, ಎಚ್‌ಆರ್‌ಟಿಯ ಲಾಭ ತೊಂದರೆ ಇದ್ದವರಿಗೆ. ತೊಂದರೆಯೇ ಇಲ್ಲದಿದ್ದರೆ ತಕ್ಕಡಿಯ ಒಂದು ತಟ್ಟೆ ಖಾಲಿ. "ಚರ್ಮ ಚೆನ್ನಾಗಿರುತ್ತದೆ", "ವಯಸ್ಸಾಗುವುದು ತಡವಾಗುತ್ತದೆ" ಎಂದು ಯಾರೋ ಹೇಳಿದ್ದಕ್ಕೆ ಶುರು ಮಾಡುವ ಚಿಕಿತ್ಸೆ ಇದಲ್ಲ. ಮರೆವಿನ ಕಾಯಿಲೆ ತಡೆಯಲು, ಹೃದಯಾಘಾತ ತಡೆಯಲು ಎಂದು ತೆಗೆದುಕೊಳ್ಳುವುದನ್ನೂ ತಜ್ಞರು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಬೆವರು, ಎದೆ ಬಡಿತ, ಸುಸ್ತು ಎಂದರೆಲ್ಲ ಮುಟ್ಟು ನಿಲ್ಲುವುದರ ಲಕ್ಷಣವೇ ಆಗಬೇಕಿಲ್ಲ. ಥೈರಾಯ್ಡ್, ರಕ್ತಹೀನತೆ, ಶುಗರ್ ಇವನ್ನು ಒಮ್ಮೆ ನೋಡಿಸಿ. 45 ದಾಟಿದವರಲ್ಲಿ ಲಕ್ಷಣಗಳಿಂದಲೇ ಸಾಮಾನ್ಯವಾಗಿ ಗೊತ್ತಾಗುತ್ತದೆ, ಅದಕ್ಕಾಗಿ ದುಬಾರಿ ಹಾರ್ಮೋನ್ ಪರೀಕ್ಷೆಗಳ ಸರಮಾಲೆ ಬೇಕಾಗುವುದಿಲ್ಲ.

2. ಗರ್ಭಕೋಶ ಇದೆಯಾ? ಅಂಡಾಶಯ ಇದೆಯಾ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಸ್ತನ ಕ್ಯಾನ್ಸರ್ ಲೆಕ್ಕದ ಅರ್ಧ ಭಾಗ ಇಲ್ಲೇ ಇದೆ.

"ಗರ್ಭಕೋಶದ ಆಪರೇಷನ್ ಆಗಿದೆ" ಎಂದು ಹೇಳುವವರಲ್ಲಿ ಬಹಳ ಜನರಿಗೆ ಅಂಡಾಶಯವನ್ನೂ ತೆಗೆದಿದ್ದಾರಾ ಎಂದು ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ ಹುಡುಕಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಕಳೆದುಹೋಗಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವಾದರೆ ಸ್ಕ್ಯಾನಿಂಗ್‌ನಲ್ಲಿ ನೋಡಬಹುದು.

ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟೋಜನ್ ಬೇಕೇ ಬೇಕು. ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಸ್ತನದ ಮೇಲೆ ಈ ಎರಡು ಬಗೆಗಳ ಪರಿಣಾಮ ಒಂದೇ ಅಲ್ಲ, ಲೆಕ್ಕ ಮುಂದೆ ಬರುತ್ತದೆ.

40 ವರ್ಷಕ್ಕಿಂತ ಮೊದಲೇ ಮುಟ್ಟು ನಿಂತಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲೇ ಎರಡೂ ಅಂಡಾಶಯ ತೆಗೆದಿದ್ದರೆ, ನಿಮ್ಮ ವಿಷಯ ಪೂರ್ತಿ ಬೇರೆ. ನಿಮ್ಮ ದೇಹಕ್ಕೆ ಇನ್ನೂ ಹತ್ತು ವರ್ಷ ಸಿಗಬೇಕಿದ್ದ ಹಾರ್ಮೋನ್ ಸಿಗುತ್ತಿಲ್ಲ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ಬೇರೆ ಅಡ್ಡಿ ಇಲ್ಲದಿದ್ದರೆ ಸುಮಾರು 50 ವರ್ಷದವರೆಗೆ ಹಾರ್ಮೋನ್ ಕೊಡುವುದೇ ಸರಿ ಎನ್ನುವುದು ತಜ್ಞರ ಅಭಿಪ್ರಾಯ. 50 ದಾಟಿದವರ ಮೇಲೆ ನಡೆದ ಅಧ್ಯಯನಗಳ ಅಂಕಿ ಹಿಡಿದು ನೀವು ಹೆದರಬೇಕಿಲ್ಲ. 35ಕ್ಕೆ, 38ಕ್ಕೆ ಆಪರೇಷನ್ ಮಾಡಿಸಿಕೊಂಡು ಆಮೇಲೆ ಯಾರೂ ಹಾರ್ಮೋನ್ ವಿಷಯವನ್ನೇ ಎತ್ತದೆ ಬಿಟ್ಟ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ. ನೀವು ಅವರಲ್ಲಿ ಒಬ್ಬರಾಗಿದ್ದರೆ, ದಯವಿಟ್ಟು ಈ ಪ್ರಶ್ನೆಯನ್ನು ನೀವೇ ಎತ್ತಿ.

3. ಬೇಡವೇ ಬೇಡ ಎನ್ನುವ ಪಟ್ಟಿಯಲ್ಲಿ ನೀವಿದ್ದೀರಾ?

ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಲಿವರ್ ಕಾಯಿಲೆ ಜೋರಾಗಿರುವವರು. ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ.

ಸ್ತನ ಕ್ಯಾನ್ಸರ್ ಆಗಿ ಗುಣವಾದವರ ವಿಷಯವನ್ನು ಬಿಡಿಸಿ ಹೇಳಬೇಕು. ಸ್ವೀಡನ್‌ನಲ್ಲಿ ಹ್ಯಾಬಿಟ್ಸ್ ಎಂಬ ಪ್ರಯೋಗದಲ್ಲಿ ಇಂಥವರಿಗೇ ಎಚ್‌ಆರ್‌ಟಿ ಕೊಟ್ಟು ನೋಡಿದರು. ಹಾರ್ಮೋನ್ ಪಡೆದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಜಾಸ್ತಿ ಕಂಡಿತು, 2003ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಟಿಬೊಲೋನ್ ಎಂಬ ಮಾತ್ರೆ ಇವರಿಗೆ ಸುರಕ್ಷಿತವೇನೋ ಎಂದುಕೊಂಡಿದ್ದರು, ಅದರಲ್ಲೂ ಮರುಕಳಿಸುವುದು ಹೆಚ್ಚೇ ಆಯಿತು. ಹಾಗಾಗಿ "ಹತ್ತು ವರ್ಷ ಆಯ್ತಲ್ಲ, ಈಗ ತಗೋಬಹುದು" ಎಂದು ನೀವೇ ತೀರ್ಮಾನ ಮಾಡಬೇಡಿ. ಮೈ ಕಾವಿಗೆ ಹಾರ್ಮೋನ್ ಅಲ್ಲದ ಔಷಧಿಗಳಿವೆ: ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್ ಮುಂತಾದವು. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪ್ಯಾರೊಕ್ಸೆಟಿನ್ ಮಾತ್ರೆ ಬೇಡ, ಅದು ಟ್ಯಾಮಾಕ್ಸಿಫೆನ್ ಕೆಲಸ ಮಾಡದಂತೆ ತಡೆಯುತ್ತದೆ. ಮನಸ್ಸಿನ ತರಬೇತಿಯ ಒಂದು ಚಿಕಿತ್ಸೆ ಇದೆ, ಸಿಬಿಟಿ ಎನ್ನುತ್ತಾರೆ, ಆಪ್ತಸಮಾಲೋಚಕರು ಹೇಳಿಕೊಡುತ್ತಾರೆ, ಬೆವರಿನ ಕಾಟ ಮತ್ತು ನಿದ್ದೆ ಎರಡಕ್ಕೂ ಅದರಿಂದ ಅನುಕೂಲ ಇದೆ.

4. ಈಗ ಲೆಕ್ಕಕ್ಕೆ ಕೂರೋಣ

ಎಲ್ಲರೂ ಎಡವುವ ಜಾಗ ಇದು, ನಿಧಾನವಾಗಿ ಓದಿ.

ಭಯ ಹುಟ್ಟಿದ್ದು 2002ರಲ್ಲಿ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಪ್ರಯೋಗ ನಡೆಯುತ್ತಿತ್ತು. ಗರ್ಭಕೋಶ ಇದ್ದ 16,608 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ಎರಡು ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಸರಾಸರಿ ಐದು ವರ್ಷ ಕಳೆದ ಮೇಲೆ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. "ಸ್ತನ ಕ್ಯಾನ್ಸರ್ ಶೇಕಡಾ 26 ಜಾಸ್ತಿ" ಎಂಬ ಸುದ್ದಿ ಜಗತ್ತಿಗೆಲ್ಲ ಹರಡಿತು.

ಶೇಕಡಾ 26 ಅಂದರೆ ಯಾವುದರ ಮೇಲೆ? ಒಂದು ಕ್ವಿಂಟಾಲ್ ಅಡಿಕೆ ಮೇಲೆ ಶೇಕಡಾ 26 ಏರಿದರೆ ಮನೆ ಲೆಕ್ಕವೇ ಬದಲಾಗುತ್ತದೆ, ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಮೇಲೆ ಏರಿದರೆ ಎರಡೋ ಮೂರೋ ರೂಪಾಯಿ. ಆ ಪ್ರಯೋಗದಲ್ಲಿ ಹಾರ್ಮೋನ್ ಇಲ್ಲದ 10,000 ಮಹಿಳೆಯರಲ್ಲಿ ಒಂದು ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಬಂತು. ಹಾರ್ಮೋನ್ ತೆಗೆದುಕೊಂಡ 10,000 ಜನರಲ್ಲಿ 38. ಹೆಚ್ಚಾದದ್ದು ಎಂಟು. ಆ ಎಂಟು ಜನರ ಮಟ್ಟಿಗೆ ಅದು ದೊಡ್ಡದೇ, ಚಿಕ್ಕದು ಎಂದು ತಳ್ಳಿಹಾಕುತ್ತಿಲ್ಲ. ಆದರೆ "ತಗೊಂಡ್ರೆ ಬಂದೇ ಬರುತ್ತೆ" ಎನ್ನುವ ಮಾತಿಗೂ ಇದಕ್ಕೂ ಎಷ್ಟು ದೂರ ನೋಡಿ.

ಅದೇ ಯೋಜನೆಯ ಇನ್ನೊಂದು ಭಾಗದಲ್ಲಿ, ಗರ್ಭಕೋಶ ತೆಗೆಸಿದ್ದ 10,739 ಮಹಿಳೆಯರ ಮೇಲೆ ಈಸ್ಟ್ರೋಜನ್ ಮಾತ್ರ ಪರೀಕ್ಷಿಸಿದರು. ಅದನ್ನು 2004ರಲ್ಲಿ ನಿಲ್ಲಿಸಿದ್ದು ಪಾರ್ಶ್ವವಾಯು ಹೆಚ್ಚಾಗಿದ್ದಕ್ಕೆ. ಸ್ತನ ಕ್ಯಾನ್ಸರ್ ಅಲ್ಲಿ ಏರಲೇ ಇಲ್ಲ. ಸುಮಾರು 20 ವರ್ಷ ಇವರನ್ನೆಲ್ಲ ಗಮನಿಸಿ 2020ರಲ್ಲಿ ಬಂದ ವರದಿಯಲ್ಲಿ, ಈಸ್ಟ್ರೋಜನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರೂ ಕಡಿಮೆ, ಅದರಿಂದ ಸಾವೂ ಕಡಿಮೆ ಎಂದು ಕಂಡಿತು. ಎರಡೂ ಹಾರ್ಮೋನ್ ಪಡೆದವರಲ್ಲಿ ಕ್ಯಾನ್ಸರ್ ಹೆಚ್ಚೇ ಉಳಿಯಿತು, ಸಾವಿನಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ದೊಡ್ಡ ಲೆಕ್ಕ 2019ರದು. ಜಗತ್ತಿನ 58 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸ್ತನ ಕ್ಯಾನ್ಸರ್ ಬಂದ 1,08,000ಕ್ಕೂ ಹೆಚ್ಚು ಮಹಿಳೆಯರ ವಿವರ ನೋಡಿದರು. ಸಾವಿರ ಮಹಿಳೆಯರಿದ್ದಾರೆ, ಎಲ್ಲರಿಗೂ 50 ವರ್ಷ ಎಂದುಕೊಳ್ಳಿ. 69 ವರ್ಷ ಆಗುವ ಹೊತ್ತಿಗೆ ಎಷ್ಟು ಜನರಿಗೆ ಸ್ತನ ಕ್ಯಾನ್ಸರ್ ಬಂದಿರುತ್ತದೆ?

ಹಾರ್ಮೋನ್ ತೆಗೆದುಕೊಳ್ಳದವರಲ್ಲಿ: 63
5 ವರ್ಷ ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ: 68
5 ವರ್ಷ ಈಸ್ಟ್ರೋಜನ್, ಜೊತೆಗೆ ತಿಂಗಳಲ್ಲಿ ಕೆಲವು ದಿನ ಪ್ರೊಜೆಸ್ಟೋಜನ್: 77
5 ವರ್ಷ ಎರಡನ್ನೂ ಪ್ರತಿದಿನ: 83

ಹತ್ತು ವರ್ಷ ತೆಗೆದುಕೊಂಡರೆ ಈ ಹೆಚ್ಚುವರಿ ಸುಮಾರು ಎರಡು ಪಟ್ಟು ಆಗುತ್ತದೆ. ನಿಲ್ಲಿಸಿದ ಮೇಲೂ ಒಂದಿಷ್ಟು ಅಪಾಯ ಹತ್ತು ವರ್ಷ ದಾಟಿ ಉಳಿಯುತ್ತದೆ. ಒಂದು ವರ್ಷಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಹೆಚ್ಚಳ ತೀರಾ ಕಡಿಮೆ.

ಈಸ್ಟ್ರೋಜನ್ ಮಾತ್ರದ ವಿಷಯದಲ್ಲಿ ಒಂದು ಅಧ್ಯಯನ ಕಡಿಮೆ ಎನ್ನುತ್ತದೆ, ಇನ್ನೊಂದು ಸ್ವಲ್ಪ ಜಾಸ್ತಿ ಎನ್ನುತ್ತದೆ, ಹಾಗಾದರೆ ಯಾವುದನ್ನು ನಂಬುವುದು ಎಂದು ಕೇಳುತ್ತೀರಿ. ಮೊದಲನೆಯದು ಪ್ರಯೋಗ, ಅಂದರೆ ಯಾರಿಗೆ ಯಾವ ಮಾತ್ರೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದ್ದು. ಎರಡನೆಯದರಲ್ಲಿ ಹೆಚ್ಚಿನದು ತಾವಾಗಿಯೇ ತೆಗೆದುಕೊಂಡವರನ್ನು ಗಮನಿಸಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇಷ್ಟು: ಗರ್ಭಕೋಶ ಇಲ್ಲದವರಿಗೆ ಸ್ತನ ಕ್ಯಾನ್ಸರ್ ಕಾರಣಕ್ಕೆ ಎಚ್‌ಆರ್‌ಟಿ ಬೇಡ ಎನ್ನಲು ಆಧಾರ ಬಹಳ ದುರ್ಬಲ. ಗರ್ಭಕೋಶ ಇರುವವರಿಗೆ ಅಪಾಯ ನಿಜ, ವರ್ಷ ಏರಿದಂತೆ ಅದೂ ಏರುತ್ತದೆ.

ಈ ಅಂಕಿಗಳೆಲ್ಲ ಪಶ್ಚಿಮದ ದೇಶಗಳವು ಎನ್ನುವುದು ನೆನಪಿರಲಿ. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷ ಮಹಿಳೆಯರಲ್ಲಿ ಸುಮಾರು 27 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತದೆ, ಬ್ರಿಟನ್‌ನಲ್ಲಿ ಅದರ ಮೂರು ಪಟ್ಟಿಗಿಂತ ಜಾಸ್ತಿ. ಬುಡದ ಅಂಕಿ ಕಡಿಮೆ ಇರುವಲ್ಲಿ ಹೆಚ್ಚುವರಿ ಅಂಕಿಯೂ ಕಡಿಮೆ ಇರಬಹುದು. ಹಾಗಂತ ನಿರಾಳವಾಗುವ ಹಾಗಿಲ್ಲ. 2022ರಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾದವರು ಸುಮಾರು 1,92,000, ಅದೇ ವರ್ಷ ಅದರಿಂದ ತೀರಿಕೊಂಡವರು ಸುಮಾರು 98,000. ನಮ್ಮಲ್ಲಿ ಗಂಟು ದೊಡ್ಡದಾದ ಮೇಲೆ ಆಸ್ಪತ್ರೆಗೆ ಬರುವವರೇ ಜಾಸ್ತಿ.

ಬ್ರಿಟನ್‌ನಲ್ಲಿ ವೈದ್ಯರು ತೋರಿಸುವ ಇನ್ನೊಂದು ಲೆಕ್ಕ ಇದೆ, ನನಗೆ ಅದು ಬಹಳ ಉಪಯೋಗದ್ದು ಅನಿಸುತ್ತದೆ. 50ರಿಂದ 59ರ ಒಳಗಿನ ಸಾವಿರ ಮಹಿಳೆಯರಲ್ಲಿ ಐದು ವರ್ಷಕ್ಕೆ 23 ಜನರಿಗೆ ಹೇಗೂ ಸ್ತನ ಕ್ಯಾನ್ಸರ್ ಬರುತ್ತದೆ. ಎರಡೂ ಹಾರ್ಮೋನ್ ಇರುವ ಎಚ್‌ಆರ್‌ಟಿಯಿಂದ ಇನ್ನೂ 4 (ಇದು ಐದು ವರ್ಷದ ಲೆಕ್ಕ, ಮೇಲಿನ 63, 83ರದು 50ರಿಂದ 69ರವರೆಗಿನ ಲೆಕ್ಕ). ಬೊಜ್ಜಿನಿಂದ ಇನ್ನೂ 24. ವಾರಕ್ಕೆ ಎರಡೂವರೆ ಗಂಟೆ ಚುರುಕಿನ ವ್ಯಾಯಾಮ ಮಾಡುವವರಲ್ಲಿ 7 ಕಡಿಮೆ. ಮಾತ್ರೆಗೆ ಹೆದರುವ ನಾವು ತೂಕದ ಬಗ್ಗೆ ಇದರ ಕಾಲು ಭಾಗವಾದರೂ ಯೋಚಿಸುತ್ತೇವಾ?

ಇನ್ನು ಲಾಭದ ತಟ್ಟೆ. ಮೈ ಕಾವೇರುವುದು ಸರಾಸರಿ ನಾಲ್ಕರಲ್ಲಿ ಮೂರು ಪಾಲು ಕಡಿಮೆಯಾಗುತ್ತದೆ, ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಬೇರೆ ಇಲ್ಲ. ನಿದ್ದೆ ಸುಧಾರಿಸುತ್ತದೆ. 2002ರ ಅದೇ ಪ್ರಯೋಗದಲ್ಲಿ ವರ್ಷಕ್ಕೆ 10,000 ಜನರಲ್ಲಿ ಸೊಂಟದ ಮೂಳೆ ಮುರಿತ 5 ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆ ಕಂಡಿತ್ತು. ಪಾರ್ಶ್ವವಾಯು 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8 ಹೆಚ್ಚಾಗಿತ್ತು, ಅದನ್ನೂ ಬಿಡಬೇಡಿ. ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 63. 60ರ ಒಳಗಿದ್ದು, ಅಥವಾ ಮುಟ್ಟು ನಿಂತು 10 ವರ್ಷ ಆಗಿರದೆ, ತೊಂದರೆ ಜೋರಾಗಿದ್ದು, ಮೂರನೇ ಹಂತದ ಪಟ್ಟಿಯಲ್ಲಿ ಇಲ್ಲದಿದ್ದರೆ, ಹೆಚ್ಚಿನವರಿಗೆ ಲಾಭದ ಕಡೆಯೇ ತೂಕ ಜಾಸ್ತಿ ಎನ್ನುವುದು ಇವತ್ತಿನ ತಜ್ಞ ಸಂಘಗಳ ನಿಲುವು.

5. ಮನೆತನದಲ್ಲಿ ಯಾರಿಗೆ ಬಂದಿತ್ತು, ಕೇಳಿ ಬರೆಯಿರಿ

ಅಮ್ಮನ ಕಡೆ ಮಾತ್ರ ಲೆಕ್ಕ ಎಂದು ಬಹಳ ಜನ ತಿಳಿದಿದ್ದಾರೆ. ಅಪ್ಪನ ಅಮ್ಮ, ಸೋದರತ್ತೆ, ಅವರ ಮಕ್ಕಳಿಗೆ ಬಂದಿದ್ದರೂ ಅಷ್ಟೇ ಮುಖ್ಯ. ಯಾರಿಗೆ, ಎಷ್ಟನೇ ವಯಸ್ಸಿನಲ್ಲಿ, ಸ್ತನವೋ ಅಂಡಾಶಯವೋ ಎಂದು ಬರೆಯಿರಿ. ನಮ್ಮ ಹಿರಿಯರು ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ದೊಡ್ಡಮ್ಮನಿಗೆ ಎದೆಯಲ್ಲಿ ಹುಣ್ಣಾಗಿತ್ತು" ಎಂದು ಯಾರಾದರೂ ಹೇಳಿದರೆ ಇನ್ನೂ ಎರಡು ಪ್ರಶ್ನೆ ಕೇಳಿ.

ವಯಸ್ಸಾದ ಮೇಲೆ ಒಬ್ಬ ಸಂಬಂಧಿಗೆ ಬಂದಿದೆ ಎಂದ ಮಾತ್ರಕ್ಕೆ ಎಚ್‌ಆರ್‌ಟಿ ಬಾಗಿಲು ಮುಚ್ಚುವುದಿಲ್ಲ. ಆದರೆ 50ಕ್ಕೆ ಮೊದಲೇ ಬಂದಿದ್ದರೆ, ಒಂದೇ ಕಡೆಯ ಇಬ್ಬರು ಮೂವರಿಗೆ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಇದ್ದರೆ, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ಮೊದಲು ಬಿಆರ್‌ಸಿಎ ಪರೀಕ್ಷೆ ಬೇಕಾ ಎಂದು ಕ್ಯಾನ್ಸರ್ ತಜ್ಞರ ಹತ್ತಿರ ಮಾತಾಡಿ. ವಂಶವಾಹಿಯಲ್ಲಿ ದೋಷ ಇದೆಯಾ ಎಂದು ನೋಡುವ ರಕ್ತ ಪರೀಕ್ಷೆ ಅದು. ಬೆಂಗಳೂರಿನ ಕಿದ್ವಾಯಿ, ನಮ್ಮ ಘಟ್ಟದ ಕೆಳಗಿನ ಮಣಿಪಾಲ, ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಬಹುದು. ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಮನೆತನದ ಇತಿಹಾಸವೇ ಇರುವುದಿಲ್ಲ ಎನ್ನುವುದೂ ಗೊತ್ತಿರಲಿ.

6. ಮಾತ್ರೆಯೋ, ಜೆಲ್ಲೋ, ಒಳಗೆ ಹಚ್ಚುವ ಕ್ರೀಮೋ

ಯೋನಿ ಒಣಗುವುದು, ಉರಿ, ಪದೇ ಪದೇ ಮೂತ್ರದ ಸೋಂಕು, ಇಷ್ಟೇ ತೊಂದರೆ ಆಗಿದ್ದರೆ ಇಡೀ ಮೈಗೆ ಹಾರ್ಮೋನ್ ಬೇಕಿಲ್ಲ. ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ, 2019ರ ಆ ದೊಡ್ಡ ಲೆಕ್ಕದಲ್ಲೂ ಅದರಿಂದ ಸ್ತನ ಕ್ಯಾನ್ಸರ್ ಏರಿಕೆ ಕಾಣಲಿಲ್ಲ. ಟ್ಯೂಬಿನ ಒಳಗಿನ ಚೀಟಿಯಲ್ಲಿ ಮಾತ್ರೆಯ ಎಚ್ಚರಿಕೆಗಳನ್ನೇ ಅಚ್ಚು ಹಾಕಿರುತ್ತಾರೆ, ಅದನ್ನು ಓದಿ ಹೆದರಿ ಬಿಟ್ಟವರು ಎಷ್ಟೋ ಜನ. ಈ ತೊಂದರೆಯನ್ನು ಹೇಳಿಕೊಳ್ಳಲು ನಾಚಿಕೆ ಪಟ್ಟು ವರ್ಷಗಟ್ಟಲೆ ನರಳುವುದು ಬೇಡ ಕಣ್ರೀ, ಡಾಕ್ಟರಿಗೆ ಇದು ದಿನಾ ಕೇಳುವ ವಿಷಯ. ಸ್ತನ ಕ್ಯಾನ್ಸರ್ ಆದವರು ಮಾತ್ರ ಮೊದಲು ಹಾರ್ಮೋನ್ ಇಲ್ಲದ ಜೆಲ್ ಬಳಸಿ ನೋಡಬೇಕು, ಸಾಲದಿದ್ದರೆ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಮುಂದಿನದು.

ಮೈ ಕಾವಿಗಾದರೆ ಈಸ್ಟ್ರೋಜನ್ ಮಾತ್ರೆ ಅಥವಾ ಚರ್ಮಕ್ಕೆ ಹಚ್ಚುವ ಜೆಲ್. ಜೆಲ್ ಲಿವರ್ ದಾಟಿ ಹೋಗಬೇಕಿಲ್ಲ, ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಏರಿದ್ದು ಕಂಡಿಲ್ಲ. ತೂಕ ಜಾಸ್ತಿ ಇರುವವರು, ಬಿಪಿ ಇರುವವರು ಜೆಲ್ ಬಗ್ಗೆ ಕೇಳಿ. ತೋಳಿಗೆ ಅಥವಾ ತೊಡೆಗೆ ಹಚ್ಚಬೇಕು, ಸ್ತನದ ಮೇಲೆ ಹಚ್ಚಬಾರದು. ಒಣಗಿದ ಮೇಲೆ ಬಟ್ಟೆ, ಹಸಿ ಇರುವಾಗ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ. ಸ್ತನ ಕ್ಯಾನ್ಸರ್ ಮಟ್ಟಿಗೆ ಮಾತ್ರ ಜೆಲ್ ಮಾತ್ರೆಗಿಂತ ಸುರಕ್ಷಿತ ಎಂದು ತಿಳಿಯಬೇಡಿ, ಅದು ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಸಿಗುವ ಅನುಕೂಲ.

ಸ್ತನದ ಲೆಕ್ಕದಲ್ಲಿ ನಿಜವಾಗಿ ಗಮನಿಸಬೇಕಾದ್ದು ಎರಡನೇ ಹಾರ್ಮೋನ್ ಯಾವುದು ಎನ್ನುವುದನ್ನು. 2002ರ ಪ್ರಯೋಗದಲ್ಲಿ ಕೊಟ್ಟಿದ್ದು ಮೆಡ್ರಾಕ್ಸಿಪ್ರೊಜೆಸ್ಟಿರಾನ್ ಎಂಬ ಕೃತಕ ಬಗೆ. ದೇಹದಲ್ಲಿ ಇರುವಂಥದ್ದೇ ಆದ ಮೈಕ್ರೊನೈಸ್ಡ್ ಪ್ರೊಜೆಸ್ಟಿರಾನ್, ಅಥವಾ ಅದಕ್ಕೆ ಹತ್ತಿರದ ಕೃತಕ ಬಗೆಯಾದ ಡೈಡ್ರೊಜೆಸ್ಟಿರಾನ್ ತೆಗೆದುಕೊಂಡವರಲ್ಲಿ ಅಪಾಯ ಕಡಿಮೆ ಎಂದು ಫ್ರಾನ್ಸ್‌ನ ಇ3ಎನ್ ಅಧ್ಯಯನದಲ್ಲಿ ಕಂಡಿತು. ಅದು ಗಮನಿಸಿ ಬರೆದ ಅಧ್ಯಯನ, ಪ್ರಯೋಗ ಅಲ್ಲ, ಹಾಗಾಗಿ "ಅಪಾಯವೇ ಇಲ್ಲ" ಎನ್ನಲು ಸಾಲದು. ಆದರೂ ಆಯ್ಕೆ ಇರುವಾಗ ಇವುಗಳನ್ನೇ ಕೇಳುವುದು ಬುದ್ಧಿವಂತಿಕೆ. ಎರಡೂ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತವೆ. ಪ್ರೊಜೆಸ್ಟಿರಾನ್ ಕ್ಯಾಪ್ಸೂಲ್ ಮಂಪರು ತರುತ್ತದೆ, ರಾತ್ರಿ ಮಲಗುವಾಗ ತೆಗೆದುಕೊಳ್ಳಿ.

ಒಂದು ದೊಡ್ಡ ತಪ್ಪು: ಪ್ರೊಜೆಸ್ಟೋಜನ್‌ನಿಂದಲೇ ಸ್ತನ ಕ್ಯಾನ್ಸರ್ ಅಪಾಯ ಎಂದು ಓದಿ, ಗರ್ಭಕೋಶ ಇದ್ದವರು ಅದನ್ನು ಬಿಟ್ಟು ಈಸ್ಟ್ರೋಜನ್ ಮಾತ್ರ ನುಂಗುವುದು. ಹಾಗೆ ಮಾಡಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಕರೆದಂತೆ. ದಯವಿಟ್ಟು ಬೇಡ.

"ಗಿಡಮೂಲಿಕೆಯದು, ಏನೂ ಆಗಲ್ಲ" ಎಂದು ಕೊಡುವ ಪುಡಿ, ಕಷಾಯಗಳ ಬಗ್ಗೆಯೂ ಒಂದು ಮಾತು. ಕೆಲವು ಗಿಡಗಳಲ್ಲಿ ಈಸ್ಟ್ರೋಜನ್ ರೀತಿ ಕೆಲಸ ಮಾಡುವ ಅಂಶ ಇರುತ್ತದೆ. ಏನು ತೆಗೆದುಕೊಳ್ಳುತ್ತಿದ್ದೀರೋ ಡಾಕ್ಟರಿಗೆ ಹೇಳಿಬಿಡಿ.

7. ಶುರು ಮಾಡುವ ಮೊದಲು ಸ್ತನ ಪರೀಕ್ಷೆ

ಕನ್ನಡಿ ಮುಂದೆ ನಿಂತು ನೋಡಿ, ಕೈಯಿಂದ ಮುಟ್ಟಿ ನೋಡಿ. ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಒಳಗೆ ಹೋಗುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು. ಆಮೇಲೆ ಡಾಕ್ಟರ ಕೈಯಲ್ಲಿ ಪರೀಕ್ಷೆ, ಮ್ಯಾಮೊಗ್ರಾಂ. ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್‌ರೇ, ಕ್ಷಣಕಾಲ ಒತ್ತಿ ಹಿಡಿಯುತ್ತಾರೆ, ಸ್ವಲ್ಪ ನೋವಾಗುತ್ತದೆ, ಮುಗಿಯಿತು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಮ್ಯಾಮೊಗ್ರಾಂ ಯಂತ್ರ ಎಲ್ಲ ಊರಿನಲ್ಲೂ ಇರುವುದಿಲ್ಲ, ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕಾಗುತ್ತದೆ. ಹೊಸನಗರ, ಸೊರಬದ ಒಳಹಳ್ಳಿಯಿಂದ ಬರುವವರು ಮೊದಲೇ ಫೋನ್ ಮಾಡಿ ಸಮಯ ಕೇಳಿ, ಬಸ್ಸಿನಲ್ಲಿ ಬಂದು ವಾಪಸ್ ಹೋಗುವುದು ತಪ್ಪುತ್ತದೆ. ಇನ್ನೂ ಮುಟ್ಟಾಗುತ್ತಿದ್ದರೆ ಮುಟ್ಟು ಮುಗಿದ ವಾರ ಹೋಗಿ, ನೋವು ಕಡಿಮೆ. ಅವತ್ತು ಕಂಕುಳಿಗೆ ಪೌಡರ್, ಸೆಂಟ್ ಹಾಕಬೇಡಿ, ಫಿಲಂನಲ್ಲಿ ಚುಕ್ಕೆಯಂತೆ ಕಾಣುತ್ತದೆ.

ಮಲೆನಾಡಿನಲ್ಲಿ ಬಹಳ ಸಲ ಕೇಳುವ ಮಾತು, "ಕೊನೆ ಕೊಯ್ಲು ಮುಗೀಲಿ, ಆಮೇಲೆ ತೋರಿಸ್ತೀನಿ." ಎಚ್‌ಆರ್‌ಟಿ ಶುರು ಮಾಡುವುದನ್ನು ಅಡಿಕೆ ಸುಗ್ಗಿ ಮುಗಿಯುವವರೆಗೆ ಮುಂದಕ್ಕೆ ಹಾಕಬಹುದು, ಏನೂ ನಷ್ಟವಿಲ್ಲ. ಗಂಟು ಸಿಕ್ಕಿದ್ದರೆ ಮಾತ್ರ ಒಂದು ವಾರವೂ ಮುಂದೆ ಹಾಕಬೇಡಿ. ನೋವಿಲ್ಲ ಎಂದು ಬಿಡಬೇಡಿ, ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನಾಟಿ ಔಷಧಿ ಮಾಡಿ ನೋಡೋಣ ಎಂದು ಮೂರು ತಿಂಗಳು ಕಳೆಯಬೇಡಿ.

8. ಡಾಕ್ಟರ ಮುಂದೆ ಕೂತಾಗ

ನೋಟ್‌ಬುಕ್‌ನ ಒಂದು ಪುಟವನ್ನು ಎರಡು ಭಾಗ ಮಾಡಿ. ಒಂದು ಕಡೆ ನಿಮ್ಮ ತೊಂದರೆ, ಇನ್ನೊಂದು ಕಡೆ ನಿಮ್ಮ ಅಪಾಯಗಳು. ಹೆರಿಗೆ ಡಾಕ್ಟರು, ಅಂದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗ ಗೊತ್ತೇ ಇದೆ. ಅಲ್ಲಿ ಜನ ಜಾಸ್ತಿ, ಸಮಯ ಕಡಿಮೆ, ಅದಕ್ಕೇ ಬರೆದುಕೊಂಡು ಹೋಗುವುದು. ಇಷ್ಟು ಕೇಳಿ: ನನಗೆ ಒಂದು ಹಾರ್ಮೋನ್ ಸಾಕಾ, ಎರಡು ಬೇಕಾ? ಎರಡನೆಯದು ಯಾವುದು? ಮಾತ್ರೆಯ ಬದಲು ಜೆಲ್ ಆಗುತ್ತಾ? ಎಷ್ಟು ಕಡಿಮೆ ಪ್ರಮಾಣದಲ್ಲಿ ಶುರು ಮಾಡಬಹುದು? ಯಾವಾಗ ಮತ್ತೆ ಬರಲಿ?

"ಏನೂ ಆಗಲ್ಲ, ತಗೊಳ್ಳಿ" ಎಂದೋ "ಅಯ್ಯೋ, ಕ್ಯಾನ್ಸರ್ ಬರುತ್ತೆ, ಬೇಡ" ಎಂದೋ ಒಂದೇ ಮಾತಿನಲ್ಲಿ ಮುಗಿಸಿದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಚ್‌ಆರ್‌ಟಿ ಪೊಟ್ಟಣದ ಮೇಲಿನ ದೊಡ್ಡ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವುದಾಗಿ ಹೇಳಿತು. ಇದನ್ನು ವಾಟ್ಸಾಪ್‌ನಲ್ಲಿ ನೋಡಿ "ಅಪಾಯ ಇಲ್ಲ ಅಂತ ಅವರೇ ಹೇಳಿದ್ದಾರೆ" ಎನ್ನುವವರಿದ್ದಾರೆ. ಎಚ್ಚರಿಕೆಯ ಚೌಕಟ್ಟು ಹೋದರೆ ಮೇಲಿನ ಅಂಕಿಗಳು ಹೋಗುವುದಿಲ್ಲ.

ಮತ್ತೆ, ಈ ತೀರ್ಮಾನ ನಿಮ್ಮದು. ಗಂಡನೋ ಮಗನೋ ಜೊತೆಗೆ ಬರಲಿ, ಒಳ್ಳೆಯದೇ. ಆದರೆ ರಾತ್ರಿ ನಿದ್ದೆ ಇಲ್ಲದೆ ಒದ್ದಾಡುವವರು ನೀವು, ಅಪಾಯ ಹೊರುವವರೂ ನೀವು. ಸಾವಿರದಲ್ಲಿ ನಾಲ್ಕು ಎನ್ನುವುದು ಒಬ್ಬರಿಗೆ ದೊಡ್ಡದು, ಇನ್ನೊಬ್ಬರಿಗೆ ಚಿಕ್ಕದು. ಎರಡೂ ಸರಿ.

9. ಶುರು ಮಾಡಿದ ಮೇಲೆ

ಮೂರು ತಿಂಗಳಾದಾಗ ಒಂದು ಸಲ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ. ಮೊದಲ ತಿಂಗಳುಗಳಲ್ಲಿ ಸ್ತನ ಬಿಗಿಯಾಗುವುದು, ಸ್ವಲ್ಪ ನೋವು, ಅಲ್ಲೊಮ್ಮೆ ಇಲ್ಲೊಮ್ಮೆ ರಕ್ತದ ಕಲೆ ಕಾಣುವುದು ಇರುತ್ತದೆ, ಹೆದರಬೇಡಿ, ಡಾಕ್ಟರಿಗೆ ಹೇಳಿ. ಆರು ತಿಂಗಳಾದ ಮೇಲೂ ರಕ್ತಸ್ರಾವ ಇದ್ದರೆ, ಅಥವಾ ನಿಂತಿದ್ದು ಮತ್ತೆ ಶುರುವಾದರೆ, ಸ್ಕ್ಯಾನಿಂಗ್ ಆಗಲೇಬೇಕು. ಒಂದೇ ಕಾಲು ಊದಿಕೊಂಡು ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ನಾಳೆ ನೋಡೋಣ ಎನ್ನದೆ 108ಕ್ಕೆ ಫೋನ್ ಮಾಡಿ.

ಎರಡೂ ಹಾರ್ಮೋನ್ ತೆಗೆದುಕೊಳ್ಳುವವರ ಸ್ತನ ಎಕ್ಸ್‌ರೇಯಲ್ಲಿ ಹೆಚ್ಚು ಬಿಳಿಯಾಗಿ ಕಾಣಬಹುದು, ಚಿಕ್ಕ ಗಂಟು ಅದರ ಹಿಂದೆ ಮರೆಯಾಗಬಹುದು. ಮ್ಯಾಮೊಗ್ರಾಂ ಮಾಡುವವರಿಗೆ "ನಾನು ಹಾರ್ಮೋನ್ ತಗೊಳ್ತಿದ್ದೀನಿ" ಎಂದು ಹೇಳಿ, ಬೇಕಿದ್ದರೆ ಜೊತೆಗೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಹಳೆಯ ಫಿಲಂ ಪ್ರತಿ ಸಲ ಒಯ್ಯಿರಿ, ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಎಂದು ಹೋಲಿಸಿ ನೋಡಲು ಬೇಕು.

ಚೀಟಿ ಹಳೆಯದಾದರೂ ಅದನ್ನೇ ತೋರಿಸಿ ವರ್ಷಗಟ್ಟಲೆ ಮಾತ್ರೆ ತರಿಸಿಕೊಳ್ಳುವ ಅಭ್ಯಾಸ ಬೇಡ. ಪ್ರತಿ ವರ್ಷ ಒಂದನೇ ಹಂತದ ಪುಟವನ್ನು ಮತ್ತೆ ಬರೆಯಿರಿ. ಇನ್ನೂ ಬೇಕಾ, ಪ್ರಮಾಣ ಇಳಿಸಬಹುದಾ ಎಂದು ಕೇಳಿ. ಇಷ್ಟೇ ವರ್ಷಕ್ಕೆ ನಿಲ್ಲಿಸಲೇಬೇಕು ಎಂಬ ಗಟ್ಟಿ ನಿಯಮ ಇಲ್ಲ, ಆದರೆ ಎರಡೂ ಹಾರ್ಮೋನ್ ತೆಗೆದುಕೊಳ್ಳುವವರು ಐದು ವರ್ಷ ಸಮೀಪಿಸಿದಾಗ ನಾಲ್ಕನೇ ಹಂತದ ಲೆಕ್ಕವನ್ನು ಇನ್ನೊಮ್ಮೆ ಎದುರಿಗಿಟ್ಟುಕೊಂಡು ಮಾತಾಡಬೇಕು. ನಿಲ್ಲಿಸುವಾಗ ನಿಧಾನವಾಗಿ ಇಳಿಸಿದರೆ ಕಾವು ಒಮ್ಮೆಲೇ ವಾಪಸ್ ಬಂದು ಕಾಡುವುದು ಕಡಿಮೆ. ನಿಲ್ಲಿಸಿದ ಮೇಲೂ ಮ್ಯಾಮೊಗ್ರಾಂ ಬಿಡಬೇಡಿ, ಮತ್ತೆ ಯಾವ ಡಾಕ್ಟರ ಹತ್ತಿರ ಹೋದರೂ ಯಾವ ಹಾರ್ಮೋನ್ ಎಷ್ಟು ವರ್ಷ ತೆಗೆದುಕೊಂಡಿದ್ದಿರಿ ಎಂದು ಹೇಳಲು ಅದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.